ಸಿಡಿಯದ ಕಾಳಿನ ತಪ್ಪೇನು?

ಅಪ್ರೈಸಲ್ ಸೀಸನ್ ಬಂತು ಅಂದ್ರೆ ವಾಟ್ಸಾಪ್ ಗ್ರೂಪುಗಳಲ್ಲಿ ಪಾಪ್‌ಕಾರ್ನ್ ವೇದಾಂತ ಶುರುವಾಗುತ್ತೆ. ನಿಮಗೂ ಬಂದಿರುತ್ತೆ. ಎಲ್ಲಾ ಕಾಳುಗಳೂ ಒಂದೇ ಪಾತ್ರೆಯಲ್ಲಿ, ಒಂದೇ ಎಣ್ಣೆಯಲ್ಲಿ, ಒಂದೇ ಉರಿಯ ಮೇಲೆ ಇದ್ದರೂ ಒಂದೇ ಹೊತ್ತಿಗೆ ಸಿಡಿಯೋದಿಲ್ಲ, ಹಾಗಾಗಿ ತಾಳ್ಮೆಯಿಂದಿರಿ, ನಿಮ್ಮ ಟೈಮೂ ಬರುತ್ತೆ ಅನ್ನೋ ಅರ್ಥದ ಮೆಸೇಜು. ಹಿಂದೆ ಒಂದು ಸೂರ್ಯೋದಯದ ಫೋಟೋ. ಪ್ರಮೋಷನ್ ಸಿಕ್ಕವರು ಕಳಿಸ್ತಾರೆ, ಸಿಗದವರು ಕೈ ಮುಗಿಯೋ ಇಮೋಜಿ ಹಾಕ್ತಾರೆ.

ಬರೆದ ಪುಣ್ಯಾತ್ಮರು ಮನೆಯಲ್ಲಿ ಒಮ್ಮೆಯೂ ಪಾಪ್‌ಕಾರ್ನ್ ಮಾಡಿದವರಲ್ಲ ಅನ್ನೋದು ನನ್ನ ಗುಮಾನಿ. ಮಾಡಿದವರಿಗೆ ಗೊತ್ತು, ಏನೇ ಮಾಡಿದರೂ ತಳದಲ್ಲಿ ಒಂದಿಷ್ಟು ಕಾಳು ಗಟ್ಟಿಯಾಗೇ ಉಳೀತಾವೆ. ಅವುಗಳ ಟೈಮ್ ಬರಲಿ ಅಂತ ಕಾಯ್ತಾ ನಿಂತರೆ ಅರಳಿದ್ದೂ ಸೀದು ಕರಕಲಾಗುತ್ತೆ. ಆ ಕಾಳುಗಳ ಬಗ್ಗೆ ಮೆಸೇಜಿನಲ್ಲಿ ಒಂದು ಮಾತೂ ಇರೋದಿಲ್ಲ. ನನಗೆ ಮಾತಾಡಬೇಕಿರೋದು ಅವುಗಳ ಬಗ್ಗೇನೇ. ಸಿಡಿಯದೆ ಉಳಿದದ್ದು ಆ ಕಾಳಿನ ತಪ್ಪಾ? ಹಾಗಾದ್ರೆ ಸಿಡಿದದ್ದು ಉಳಿದ ಕಾಳುಗಳ ಸಾಧನೆಯಾ?

ಮೊದಲು ಒಲೆ ಹಚ್ಚೋಣ. ಮೂರು ಲೀಟರಿನ ದಪ್ಪ ತಳದ ಪಾತ್ರೆ, ಎರಡು ದೊಡ್ಡ ಚಮಚ ಶೇಂಗಾ ಎಣ್ಣೆ, ಕಾಲು ಕಪ್ ಕಾಳು. ಇಷ್ಟಕ್ಕೆ ಇಬ್ಬರಿಗೆ ಒಂದು ಸಿನಿಮಾ ಮುಗಿಯುವಷ್ಟು ಪಾಪ್‌ಕಾರ್ನ್ ಆಗುತ್ತೆ. ಎಣ್ಣೆಗೆ ಮೊದಲು ಮೂರೇ ಮೂರು ಕಾಳು ಹಾಕಿ ಮುಚ್ಚಿಡಿ. ಮೂರೂ ಸಿಡಿದವು ಅಂದ್ರೆ ಎಣ್ಣೆ ಹದಕ್ಕೆ ಬಂದಿದೆ ಅಂತ. ಆಗ ಉಳಿದ ಕಾಳು ಸುರಿದು, ಪಾತ್ರೆಯನ್ನ ಉರಿಯಿಂದ ಕೆಳಗಿಳಿಸಿ 30 ಸೆಕೆಂಡ್ ಸುಮ್ಮನೆ ಬಿಡಿ. ಇದು ತುಂಬಾ ಜನ ಮಾಡದ ಕೆಲಸ. ಈ ಅರ್ಧ ನಿಮಿಷದಲ್ಲಿ ಎಲ್ಲಾ ಕಾಳುಗಳೂ ಹೆಚ್ಚುಕಮ್ಮಿ ಒಂದೇ ಬಿಸಿಗೆ ಬರ್ತಾವೆ. ಆಮೇಲೆ ಮತ್ತೆ ಒಲೆ ಮೇಲಿಟ್ಟು, ಆಗಾಗ ಕುಲುಕುತ್ತಾ, ಮುಚ್ಚಳವನ್ನ ಒಂದು ಎಳೆಯಷ್ಟು ಓರೆ ಮಾಡಿ. ಹಬೆ ಹೊರಗೆ ಹೋಗದಿದ್ದರೆ ಅರಳಿದ್ದು ಮೆತ್ತಗಾಗಿ ಹಲ್ಲಿಗೆ ಅಂಟುತ್ತೆ. ಪಟಪಟ ಸದ್ದಿನ ನಡುವೆ ಎರಡು ಮೂರು ಸೆಕೆಂಡ್ ಗ್ಯಾಪ್ ಬಂತು ಅಂದ್ರೆ ಇಳಿಸಿಬಿಡಿ.

ಈಗ ಒಳಗೆ ಏನಾಗುತ್ತೆ ನೋಡಿ. ಒಳ್ಳೆ ಪಾಪ್‌ಕಾರ್ನ್ ಕಾಳಿನಲ್ಲಿ ಸುಮಾರು 14 ಪರ್ಸೆಂಟ್ ನೀರಿರುತ್ತೆ. ಸುತ್ತ ಒಂದು ಗಟ್ಟಿ ಸಿಪ್ಪೆ. ಬಿಸಿಯಾದಂತೆ ಆ ನೀರು ಹಬೆಯಾಗಿ, ಹೊರಗೆ ಹೋಗೋಕೆ ದಾರಿಯಿಲ್ಲದೆ ಒತ್ತಡ ಏರುತ್ತಾ ಹೋಗುತ್ತೆ. ಪುಟ್ಟದೊಂದು ಕುಕ್ಕರ್ ಇದ್ದಂಗೆ, ಆದರೆ ವಿಸಿಲ್ ಇಲ್ಲ. 180 ಡಿಗ್ರಿ ಸೆಲ್ಸಿಯಸ್ ಹತ್ತಿರ, ಹೊರಗಿನ ಗಾಳಿಯ ಒತ್ತಡಕ್ಕಿಂತ ಸುಮಾರು ಒಂಬತ್ತು ಪಟ್ಟು ಆದಾಗ, ಸಿಪ್ಪೆ ಒಡೆಯುತ್ತೆ. ಒಳಗೆ ಮೆದುವಾಗಿದ್ದ ಪಿಷ್ಟ ನೊರೆಯಂತೆ ಉಬ್ಬಿ, ತಕ್ಷಣ ತಣ್ಣಗಾಗಿ ಹೂವಾಗುತ್ತೆ. ದಾವಣಗೆರೆ, ಹಾವೇರಿ ಕಡೆ ರಾಶಿ ರಾಶಿ ಬೆಳೆಯೋ ಮಾಮೂಲಿ ಮುಸುಕಿನ ಜೋಳ ಹೀಗೆ ಅರಳೋದಿಲ್ಲ. ಅದರ ಸಿಪ್ಪೆ ಅಷ್ಟು ಒತ್ತಡ ಹಿಡಿದಿಡೋ ಜಾತಿಯದ್ದಲ್ಲ.

ಹಾಗಾದ್ರೆ ಪಾಪ್‌ಕಾರ್ನ್ ಕಾಳಲ್ಲೇ ಕೆಲವು ಯಾಕೆ ಸಿಡಿಯೋದಿಲ್ಲ? ಮುಖ್ಯವಾಗಿ ಎರಡು ಕಾರಣ. ಒಂದು, ಕೊಯ್ಲಿನಲ್ಲೋ ಮೆಷಿನ್ನಿನಲ್ಲೋ ಸಾಗಾಣಿಕೆಯಲ್ಲೋ ಸಿಪ್ಪೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಬಿದ್ದಿರುತ್ತೆ, ಹಬೆ ಅಲ್ಲಿಂದ ಸೋರಿಹೋಗುತ್ತೆ. ಎರಡು, ಡಬ್ಬಿ ಮುಚ್ಚಳ ಸರಿ ಇಲ್ಲದೆ ಕಾಳು ಒಣಗಿರುತ್ತೆ. ಇಷ್ಟು ಸಾಲದು ಅಂತ, ಪಾತ್ರೆಯ ತಳ ತೆಳುವಿದ್ದು ಒಂದು ಕಡೆ ಬಿಸಿ ಕಮ್ಮಿ ಇದ್ದರೆ ಅಲ್ಲಿ ಬಿದ್ದ ಕಾಳಿನ ಕಥೆ ಬೇರೆ. ಇದರಲ್ಲಿ ಯಾವುದು ಕಾಳಿನ ಕೈಯಲ್ಲಿದೆ ಹೇಳಿ?

ಅಡುಗೆಮನೆಯಲ್ಲಿ ಇದು ಎಲ್ಲರಿಗೂ ಗೊತ್ತಿರೋ ನ್ಯಾಯ. ಗದಗ ಕಡೆಯ ನಮ್ಮೂರಲ್ಲಿ ನಾಗರ ಪಂಚಮಿ ಹತ್ತಿರ ಬಂತು ಅಂದ್ರೆ ಜೋಳದ ಅಳ್ಳು ಹುರೀತಾರೆ. ಅದಕ್ಕೆ ಅಂತ ಬೇರೆ ಜೋಳ ಇರುತ್ತೆ. ನಮ್ಮವ್ವ ಹಿಂದಿನ ದಿನವೇ ಅದಕ್ಕೆ ನೀರು ಚಿಮುಕಿಸಿ ಬಟ್ಟೆಯಲ್ಲಿ ಕಟ್ಟಿಡ್ತಿದ್ದಳು. ಮರುದಿನ ಕಾದ ಉಸುಕಿನಲ್ಲಿ ಹಾಕಿ ಹುರಿಯೋದು. ಒಂದು ಸಲ ಸರಿಯಾಗಿ ಅರಳಲಿಲ್ಲ ಅಂದ್ರೆ ಅವಳ ಬಾಯಿಂದ ಬರ್ತಿದ್ದ ಮಾತು ಎರಡೇ: ಒಂದೋ "ಜ್ವಾಳ ಬಾಳ ಆರ್ಯಾವ", ಇಲ್ಲಾ "ಉಸುಕು ಇನ್ನೂ ಕಾದಿಲ್ಲ". ಈ ಜೋಳಕ್ಕೆ ಆಟಿಟ್ಯೂಡ್ ಪ್ರಾಬ್ಲಮ್ ಇದೆ, ಇದಕ್ಕೆ ಹಸಿವಿಲ್ಲ, ಇದು ತನ್ನ ಕಂಫರ್ಟ್ ಝೋನ್ ಬಿಟ್ಟು ಬರ್ತಿಲ್ಲ ಅಂತ ಅವಳು ಒಂದು ದಿನಾನೂ ಹೇಳಲಿಲ್ಲ. ಅರಳದ ಕಾಳು ಕಂಡರೆ ಅವಳು ನೋಡ್ತಿದ್ದದ್ದು ಉಸುಕಿನ ಕಡೆ, ಉರಿಯ ಕಡೆ, ತನ್ನ ಕೈಯ ಕಡೆ.

ಆಫೀಸಿನ ನ್ಯಾಯ ಇದಕ್ಕೆ ತಲೆಕೆಳಗು. ಅಲ್ಲಿ ಪಾತ್ರೆಯ ಬಗ್ಗೆ ಯಾರೂ ಕೇಳೋದಿಲ್ಲ. ಒಬ್ಬನಿಗೆ ಹೊಸ ಪ್ರಾಡಕ್ಟ್ ಟೀಮ್ ಸಿಗುತ್ತೆ, ಇನ್ನೊಬ್ಬನಿಗೆ ಹತ್ತು ವರ್ಷದ ಹಳೇ ಕೋಡಿನ ಬಗ್ ಸಾಲು. ವರ್ಷದ ಕೊನೆಗೆ ಇಬ್ಬರನ್ನೂ ಒಂದೇ ಬೆಲ್ ಕರ್ವ್ ಮೇಲೆ ನಿಲ್ಲಿಸ್ತಾರೆ. ಪಾಪ್‌ಕಾರ್ನ್ ಸದ್ದಿಗೂ ಒಂಥರಾ ಬೆಲ್ ಕರ್ವ್ ಇದೆ, ಮೊದಲು ಒಂದೆರಡು, ಮಧ್ಯೆ ಭರಾಟೆ, ಕೊನೆಗೆ ಮತ್ತೆ ಒಂದೆರಡು. ಆದರೆ ಅದು ತಾನಾಗೇ ಆಗುವಂಥದ್ದು. ಬೆಲ್ ಕರ್ವನ್ನ ಕಡ್ಡಾಯ ಮಾಡಿರೋ ಕಡೆ ಎಲ್ಲಾ ಕಾಳು ಚೆನ್ನಾಗಿ ಅರಳಿದ್ರೂ ಹತ್ತು ಪರ್ಸೆಂಟ್ ಕಾಳಿನ ಮುಂದೆ 'ಅರಳಿಲ್ಲ' ಅಂತ ಬರೀಲೇಬೇಕು. ಅದೇ ಕೊನೆಗೆ ಆ ಮನುಷ್ಯನ ಸ್ವಭಾವದ ವಿವರಣೆ ಆಗಿಬಿಡುತ್ತೆ.

ತತ್ವಶಾಸ್ತ್ರದಲ್ಲಿ ಇದಕ್ಕೆ ಒಂದು ಹೆಸರಿದೆ, ಮಾರಲ್ ಲಕ್. ನೈತಿಕ ಅದೃಷ್ಟ ಅನ್ನಬಹುದು. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗೆಲ್ ಇದೇ ಹೆಸರಲ್ಲಿ ಪ್ರಬಂಧ ಬರೆದ್ರು. ನೇಗೆಲ್ ಕೊಡೋ ಒಂದು ಉದಾಹರಣೆ ಸರಳ. ಬ್ರೇಕ್ ಚೆಕ್ ಮಾಡಿಸದೆ ಲಾರಿ ಓಡಿಸೋ ಡ್ರೈವರ್. ದಾರಿಗೆ ಮಗು ಅಡ್ಡ ಬಂದರೆ ಅವನು ಜೀವನಪರ್ಯಂತ ತಪ್ಪಿತಸ್ಥ. ಅಡ್ಡ ಬರದಿದ್ದರೆ ಅದೇ ನಿರ್ಲಕ್ಷ್ಯ ಮಾಡಿಯೂ ರಾತ್ರಿ ನೆಮ್ಮದಿಯಾಗಿ ಮಲಗ್ತಾನೆ. ಮಗು ಬರೋದು ಬಿಡೋದು ಅವನ ಕೈಯಲ್ಲಿರಲಿಲ್ಲ, ಆದರೂ ನಮ್ಮ ತೀರ್ಪು ಪೂರ್ತಿ ಬದಲಾಗುತ್ತೆ. ನೇಗೆಲ್ ಇನ್ನೂ ಮುಂದಕ್ಕೆ ಹೋಗ್ತಾರೆ: ನಾವು ಹುಟ್ಟಿದ ಜಾಗ, ಸಿಕ್ಕ ಸನ್ನಿವೇಶ, ನಮ್ಮ ಸ್ವಭಾವ ಕೂಡ ನಾವು ಆರಿಸಿಕೊಂಡದ್ದಲ್ಲ.

'ಮೆರಿಟ್' ಅನ್ನೋ ಪದಕ್ಕೂ ಒಂದು ತಮಾಷೆಯ ಕಥೆ ಇದೆ. 'ಮೆರಿಟೋಕ್ರಸಿ' ಅನ್ನೋ ಪದವನ್ನ ಚಾಲ್ತಿಗೆ ತಂದದ್ದು ಬ್ರಿಟನ್ನಿನ ಮೈಕಲ್ ಯಂಗ್, 1958ರ ಒಂದು ಪುಸ್ತಕದಲ್ಲಿ. ಅವರು ಬರೆದದ್ದು ವಿಡಂಬನೆ. ಗೆದ್ದವರು ಎಲ್ಲಾ ನಮ್ಮ ಯೋಗ್ಯತೆಯಿಂದಲೇ ಅಂತ ನಂಬಿ ಮೆರೆಯೋ, ಸೋತವರಿಗೆ ತಲೆ ಎತ್ತೋಕೂ ನೆಪ ಉಳಿಯದ ಸಮಾಜ ಎಷ್ಟು ಕ್ರೂರವಾಗಿರುತ್ತೆ ಅನ್ನೋ ಎಚ್ಚರಿಕೆ. ಜನ ಅದನ್ನ ಹೊಗಳಿಕೆಯಾಗಿ ಎತ್ತಿಕೊಂಡ್ರು. 2001ರಲ್ಲಿ, ಇಳಿವಯಸ್ಸಿನಲ್ಲಿ, ಯಂಗ್ ಪತ್ರಿಕೆಯಲ್ಲಿ ಬರೆದು ಬೇಸರ ಹೇಳಿಕೊಂಡ್ರು. ನಮ್ಮ ಲಂಚ್ ಟೇಬಲ್ಲಿಗೆ ಆ ಬೇಸರ ಇನ್ನೂ ತಲುಪಿಲ್ಲ. ಅಲ್ಲಿ ಈಗಲೂ ಒಬ್ಬರಲ್ಲ ಒಬ್ಬರು "ನಾನು ಪ್ಯೂರ್ ಮೆರಿಟ್ ಮೇಲೆ ಬಂದವನು" ಅಂತಾರೆ.

ನನ್ನ ಮೆರಿಟ್ ಲೆಕ್ಕ ಹೇಳ್ತೀನಿ ಕೇಳಿ. ಹೈಸ್ಕೂಲಲ್ಲಿ ನನ್ನ ಪಕ್ಕ ಕೂರ್ತಿದ್ದ ಗೆಳೆಯ ಗಣಿತದಲ್ಲಿ ನನಗಿಂತ ಚುರುಕು. ಪಿಯುಸಿಗೆ ನಾನು ಹುಬ್ಬಳ್ಳಿಗೆ ಹೋದೆ, ಯಾಕಂದ್ರೆ ಅಲ್ಲಿ ಸೋದರಮಾವನ ಮನೆ ಇತ್ತು. ಊಟ, ವಸತಿ, ಟ್ಯೂಷನ್ನಿಗೆ ಹೋಗೋಕೆ ಒಂದು ಸೈಕಲ್. ಅದೇ ವರ್ಷ ಅವನ ಅಪ್ಪ ಬೋರ್‌ವೆಲ್ ಕೊರೆಸಿದ್ರು. ನೀರು ಬರಲಿಲ್ಲ, ಸಾಲ ಉಳೀತು. ಅವನು ದಿನಾ ಬಸ್ಸಲ್ಲಿ ತಾಲೂಕಿಗೆ ಹೋಗಿ ಬಂದು ಹೇಗೋ ಸೆಕೆಂಡ್ ಪಿಯುಸಿ ಮುಗಿಸಿ ಟ್ರ್ಯಾಕ್ಟರ್ ಹತ್ತಿದ. ನಾನು ಬಿಇ ಮಾಡಿದೆ. ನಾನು ಓದಿದ್ದು ಸುಳ್ಳಲ್ಲ, ರಾತ್ರಿ ಒಂದರವರೆಗೂ ಓದಿದ್ದೀನಿ. ಆದರೆ ಅಷ್ಟು ಹೊತ್ತು ಓದೋಕೆ ಬೇಕಾದ ದೀಪ, ಊಟ, ಮೌನ ಮಾವನ ಮನೆಯದ್ದು. ಬಿರುಕಿಲ್ಲದ ಸಿಪ್ಪೆ ಅಂದ್ರೆ ಇದೇ.

ಇಲ್ಲಿ ನೀವು ತಡೀಬೇಕು. "ಅಲ್ಲ ಸ್ವಾಮಿ, ಮನುಷ್ಯ ಕಾಳಲ್ಲ. ಕಾಳಿಗೆ ಇಚ್ಛೆ ಇಲ್ಲ, ನಮಗಿದೆ. ಒಂದೇ ಮಾವನ ಮನೆಯಲ್ಲಿ ಇಬ್ಬರಿದ್ದರೂ ಒಬ್ಬ ಓದ್ತಾನೆ, ಒಬ್ಬ ಕ್ರಿಕೆಟ್ ಆಡ್ತಾನೆ. ಎಲ್ಲಾ ಪಾತ್ರೆಯ ಮೇಲೆ ಹಾಕಿದ್ರೆ ಶ್ರಮಕ್ಕೆ ಏನು ಬೆಲೆ?"

ಇದು ಗಟ್ಟಿ ಆಕ್ಷೇಪ, ನಾನು ಒಪ್ತೀನಿ. ಇನ್ನೂ ಒಂದು ನಾನೇ ಸೇರಿಸ್ತೀನಿ. ಆ ಗೆಳೆಯನಿಗೆ ಹೋಗಿ 'ಪಾಪ, ನೀನು ಪರಿಸ್ಥಿತಿಯ ಕೈಗೊಂಬೆ' ಅಂದ್ರೆ ಅವನು ನನ್ನ ಮುಖ ನೋಡಿ ನಗ್ತಾನೆ. ಸಾಲ ತೀರಿಸಿದ್ದಾನೆ, ಈಗ ಸ್ವಂತ ಟ್ರ್ಯಾಕ್ಟರ್ ಇದೆ, ಎಕರೆಗೆ ಎಷ್ಟು ಡೀಸೆಲ್ ಅನ್ನೋ ಲೆಕ್ಕ ಬಾಯಲ್ಲೇ ಮಾಡ್ತಾನೆ, ನಾನು ಎಕ್ಸೆಲ್ ತೆಗೀತೀನಿ. ಕರುಣೆಯ ಹೆಸರಲ್ಲಿ ಒಬ್ಬನನ್ನ ಬರೀ ಕಾಳು ಮಾಡೋದೂ ಅವಮಾನವೇ. ಬೆಂಗಳೂರಿನ ಕೆಲಸವೇ 'ಅರಳೋದು' ಅಂತ ತೀರ್ಮಾನ ಮಾಡಿದವರಾದ್ರೂ ಯಾರು? ನಾವೇ.

ಹಾಗಾಗಿ ಕಾಳಿನ ನ್ಯಾಯವನ್ನ ಎಲ್ಲಾ ಕಡೆ ಸಮಾನವಾಗಿ ಹಚ್ಚಬಾರದು ಅನ್ನೋದು ನನ್ನ ನಿಲುವು. ನನ್ನ ಕೆಲಸದ ವಿಷಯದಲ್ಲಿ ನಾನು ಇಚ್ಛೆ ಇರೋ ಮನುಷ್ಯ, ನಾಳೆ ಏನು ಮಾಡ್ತೀನಿ ಅನ್ನೋದಕ್ಕೆ ಪಾತ್ರೆಯ ನೆಪ ಹೇಳೋ ಹಂಗಿಲ್ಲ. ಆದರೆ ನಾನು ಒಲೆಯ ಮುಂದೆ ನಿಂತಿರುವಾಗ, ಅಂದ್ರೆ ಇಂಟರ್‌ವ್ಯೂ ಮಾಡುವಾಗ, ಟೀಮಿಗೆ ರೇಟಿಂಗ್ ಕೊಡುವಾಗ, ಮಗುವಿನ ಮಾರ್ಕ್ಸ್ ಕಾರ್ಡ್ ನೋಡುವಾಗ, ಮೊದಲ ಪ್ರಶ್ನೆ ಅವ್ವನದ್ದೇ ಆಗಿರಬೇಕು. ಉಸುಕು ಕಾದಿತ್ತಾ? ಇವರಿಗೆ ಆ 30 ಸೆಕೆಂಡ್ ಕೊಟ್ಟೆನಾ? ಅಧಿಕಾರ ಯಾರ ಕೈಯಲ್ಲಿದೆಯೋ ಅವರು ಮೊದಲು ತಮ್ಮ ಕೈ ನೋಡಿಕೊಳ್ಳಬೇಕು. ಇದಾದ ಮೇಲೂ ಬೈಯೋದು ಉಳಿದಿದ್ರೆ ಬೈಯೋಣ. ನನ್ನ ಅನುಭವದಲ್ಲಿ ಅಷ್ಟೊತ್ತಿಗೆ ಬೈಯೋಕೆ ಹೆಚ್ಚೇನೂ ಉಳಿದಿರೋದಿಲ್ಲ.

ಇನ್ನು ಉಪ್ಪಿನ ವಿಷಯ. ಹರಳುಪ್ಪು ಹಾಕಿದ್ರೆ ಎಲ್ಲಾ ಜಾರಿ ತಳಕ್ಕೆ ಹೋಗುತ್ತೆ, ಮೇಲಿನದು ಸಪ್ಪೆ, ಕೆಳಗಿನದು ಬಾಯಿಗಿಡೋಕಾಗಲ್ಲ. ಉಪ್ಪನ್ನ ಮಿಕ್ಸಿಯಲ್ಲಿ ಹಿಟ್ಟಿನಷ್ಟು ನುಣ್ಣಗೆ ಮಾಡಿ. ಅರಳಿದ್ದರ ಮೇಲೆ ಒಂದು ಚಮಚ ಬಿಸಿ ತುಪ್ಪ ಹನಿಸಿ, ಉಪ್ಪು ಉದುರಿಸಿ, ಕುಲುಕಿ, ಮತ್ತೆ ಉದುರಿಸಿ. ಖಾರದ ಪುಡಿ, ಅರಿಶಿನ ಹಾಕೋದಾದ್ರೆ ಉರಿ ಆರಿಸಿದ ಮೇಲೆ ತುಪ್ಪಕ್ಕೆ ಹಾಕಿ, ಮೊದಲೇ ಹಾಕಿದ್ರೆ ಸೀಯುತ್ತೆ. ನನ್ನ ಆಯ್ಕೆ ಕೇಳಿದ್ರೆ ಊರಿಂದ ಬಂದ ಶೇಂಗಾ ಚಟ್ನಿಪುಡಿ, ಇನ್ನೊಂದು ಸುತ್ತು ನುಣ್ಣಗೆ ಮಾಡಿದ್ದು. ಮಲ್ಟಿಪ್ಲೆಕ್ಸಿನ ಮೂರಂಕಿ ಬೆಲೆಯ ಬಕೆಟ್ಟಿಗೂ ಈ ರುಚಿ ಇಲ್ಲ.

ತಳದಲ್ಲಿ ಉಳಿದ ಕಾಳು ಕರಕಲಾಗಿದ್ರೆ ಅದಕ್ಕೆ ಮಾಡೋದು ಏನೂ ಇಲ್ಲ. ಆದರೆ ಡಬ್ಬಿಯಲ್ಲಿ ಇನ್ನೂ ಕಾಳು ಇದೆಯಲ್ಲ. ಪ್ರತಿ ಸಲವೂ ತುಂಬಾ ಗಟ್ಟಿಕಾಳು ಉಳೀತಿದೆ ಅಂದ್ರೆ ಡಬ್ಬಿಯ ಕಾಳು ಒಣಗಿರಬಹುದು. ಮೂರು ಲೋಟ ಕಾಳಿಗೆ ಒಂದು ದೊಡ್ಡ ಚಮಚ ನೀರು ಹಾಕಿ, ಬಿಗಿಯಾಗಿ ಮುಚ್ಚಿ, ಆಗಾಗ ಕುಲುಕಿ, ಎರಡು ಮೂರು ದಿನ ಬಿಡಿ. ಆಮೇಲೆ ಮತ್ತೆ ಮಾಡಿ ನೋಡಿ. ಕೆಲಸಕ್ಕೆ ಬಾರದ್ದು ಅಂತ ಕಸದ ಬುಟ್ಟಿಗೆ ಹೊರಟಿದ್ದ ಕಾಳಿನಲ್ಲಿ ಎಷ್ಟೋ ಚೆನ್ನಾಗೇ ಅರಳ್ತಾವೆ.