ದಾನವಾಗಿ ಬಂದ ದೃಷ್ಟಿಗೆ ಯಾರು ಹೊಣೆ?

ದಾನವೆಂಬದು ಕೊಟ್ಟ ಗಳಿಗೆಯಲ್ಲೇ ಮುಗಿಯುವದೋ, ಇಲ್ಲವೆ ಪಡೆದವನ ಕೈಯಲ್ಲಿ ಆಗ ತಾನೇ ಆರಂಭವಾಗುವದೋ? ಪ್ರಿಯ ವಾಚಕರೇ, ಸತ್ತವರ ಕಣ್ಣಿನಿಂದ ದೃಷ್ಟಿ ಪಡೆದವರನ್ನು ನೋಡುವಾಗ ಈ ಪ್ರಶ್ನೆಯು ನಮ್ಮೆದುರಿಗೆ ಬರುತ್ತದೆ. ಆದದರಿಂದ ಅದನ್ನು ಸ್ವಲ್ಪ ವಿಚಾರಿಸೋಣ.

ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತಿರುವ ತಿಳಿಯಾದ ಪದರಕ್ಕೆ ಕಾರ್ನಿಯಾ ಎಂದು ಹೆಸರು. ನಡುವೆ ಅದರ ದಪ್ಪವು ಸುಮಾರು ಅರ್ಧ ಮಿಲಿಮೀಟರು ಮಾತ್ರವೇ. ಹುಣ್ಣಿನಿಂದಲೋ ಗಾಯದಿಂದಲೋ ಅದು ಬೆಳ್ಳಗಾದರೆ ಕಣ್ಣಿಗೆ ಹೂ ಬಿದ್ದಿತೆಂದು ಹೇಳುತ್ತೇವೆ. ಆ ಪದರವನ್ನು ತೆಗೆದು ಬೇರೊಬ್ಬರದನ್ನು ಕಸಿಮಾಡುವ ಚಿಕಿತ್ಸೆಯುಂಟು.

1905ನೇ ಇಸವಿ ದಶಂಬರ 7ರಂದು ಮೊರಾವಿಯ ಸೀಮೆಯ ಓಲೊಮೌತ್ಸ್ ಪಟ್ಟಣದಲ್ಲಿ ಎಡ್ವರ್ಡ್ ತ್ಸಿರ್ಮ್ ಎಂಬ ವೈದ್ಯನು, ಸುಣ್ಣದಿಂದ ಎರಡು ಕಣ್ಣುಗಳನ್ನೂ ಸುಟ್ಟುಕೊಂಡಿದ್ದ ಒಬ್ಬ ಕೂಲಿಯವನಿಗೆ, ಗಾಯಪಟ್ಟು ತೆಗೆಯಬೇಕಾಗಿ ಬಂದಿದ್ದ ಒಬ್ಬ ಹುಡುಗನ ಕಣ್ಣಿನಿಂದ ಈ ಪದರವನ್ನು ಕಸಿಮಾಡಿದನು. ಒಂದು ಕಣ್ಣಿನಲ್ಲಿ ಕಸಿಯು ಕೆಟ್ಟಿತು; ಇನ್ನೊಂದರಲ್ಲಿ ತಿಳಿಯಾಗಿ ನಿಂತು ಅವನಿಗೆ ದೃಷ್ಟಿ ಬಂತು. ಕೊಟ್ಟವನು ಒಬ್ಬನೇ, ವೈದ್ಯನು ಒಬ್ಬನೇ, ಪಡೆದವನೂ ಒಬ್ಬನೇ. ಆದರೂ ಎರಡು ಕಣ್ಣುಗಳಿಗೆ ಎರಡು ಗತಿಗಳಾದವು. ಹೀಗಿರಲಾಗಿ, ಕಸಿಯು ಹಿಡಿಯದೆ ಹೋದಾಗ ಅವನ ಹಣೆಬರಹವೆಂದಾಗಲಿ, ಕೊಟ್ಟವರ ಕಣ್ಣು ಒಳ್ಳೆಯದಲ್ಲವೆಂದಾಗಲಿ ಹೇಳುವದು ನ್ಯಾಯವಲ್ಲ.

ಕೆಲವು ಸಂಗತಿಗಳು ಯಾರ ಕೈಯಲ್ಲಿಯೂ ಇಲ್ಲ. ಸುಟ್ಟು ರಕ್ತನಾಳಗಳು ಹಬ್ಬಿರುವ ಕಣ್ಣಿನಲ್ಲಿ, ಶರೀರವು ಹೊಸ ಪದರವನ್ನು ಪರರದೆಂದು ತಿಳಿದು ತಳ್ಳಿಬಿಡುವ ಅಪಾಯವು ಹೆಚ್ಚು. ಒಳಗಿನ ದೃಷ್ಟಿನರವು ಮೊದಲೇ ಕೆಟ್ಟಿದ್ದರೆ, ಕಿಟಿಕಿಗೆ ಹೊಸ ಗಾಜು ಹಾಕಿಯೂ ಒಳಗಿನಿಂದ ನೋಡುವವರಿಲ್ಲದಂತೆ ಆಗುವದು. ಶಿಶುತನದಿಂದಲೇ ಮಸುಕಾಗಿದ್ದ ಕಣ್ಣು ನೋಡುವದನ್ನು ಸರಿಯಾಗಿ ಕಲಿತಿರುವದಿಲ್ಲ. ಪದರವನ್ನು ತಿಳಿಯಾಗಿಡುವ ಒಳಗಿನ ಜೀವಕೋಶಗಳು ಸವೆದರೆ ಪುನಃ ಹುಟ್ಟುವದಿಲ್ಲ.

ಬೇರೆ ಸಂಗತಿಗಳು ಪಡೆದವನ ಕೈಯಲ್ಲಿವೆ. ಪೂರ್ಣ ದಪ್ಪದ ಕಸಿಯಾದರೆ ದೃಷ್ಟಿಯು ಒಂದೇ ದಿನ ಬಾರದು. ಅನೇಕ ತಿಂಗಳುಗಳು, ಕೆಲವರಿಗೆ ವರುಷಕ್ಕೂ ಹೆಚ್ಚು ಕಾಲ ಹಿಡಿಯುವದು. ಕೂದಲಿಗಿಂತ ಸಣ್ಣದಾದ ಹೊಲಿಗೆಗಳು ಪದರವನ್ನು ಓರೆಯಾಗಿ ಎಳೆದರೆ ಕಂಡದ್ದು ಸೊಟ್ಟಗೆ ತೋರುವದು. ಹೊಲಿಗೆಗಳನ್ನು ಸರಿಪಡಿಸಿದ ಮೇಲೂ ಕನ್ನಡಕವಾಗಲಿ ಕಣ್ಣಿನ ಮೇಲಿಡುವ ಮಸೂರವಾಗಲಿ ಬೇಕಾಗಬಹುದು. ತಳ್ಳುವಿಕೆಯನ್ನು ತಡೆಯುವ ಔಷಧದ ಹನಿಗಳನ್ನು ವೈದ್ಯನು ಹೇಳುವ ತನಕ ಬಿಡಬಾರದು. ಆ ಹನಿಗಳೇ ಕಣ್ಣಿನೊಳಗಿನ ಒತ್ತಡವನ್ನು ಏರಿಸಬಲ್ಲವಾದದರಿಂದ ಆಗಾಗ ಅಳತೆ ನೋಡಿಸತಕ್ಕದ್ದು. ಕೆಂಪಾಗುವದು, ನೋವು, ಬೆಳಕನ್ನು ಸಹಿಸದಿರುವದು, ಮಂಜು ಕವಿಯುವದು, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗತಕ್ಕದ್ದು. ಯಾಕಂದರೆ ಬೇಗನೆ ನೋಡಿದರೆ ಕಸಿಯನ್ನು ಅನೇಕಸಾರಿ ಉಳಿಸಬಹುದು.

ಆದರೆ ಕೂಲಿಯವನು ಒಂದು ದಿನದ ಕೂಲಿ ಬಿಟ್ಟು, ಬಸ್ಸಿನ ಕಾಸು ಕೂಡಿಸಿ, ತಿಂಗಳು ತಿಂಗಳಿಗೆ ಪಟ್ಟಣಕ್ಕೆ ಹೋಗುವದು ಹೇಗೆ? ಹನಿಯ ಸೀಸೆ ಬರಿದಾದಾಗ ಅವನು ಸುಮ್ಮನಾದರೆ ತಪ್ಪು ಅವನೊಬ್ಬನದೋ? ಹಾಗೆ ತೀರ್ಪು ಮಾಡುವ ಮುಂಚೆ ನಾವು ಏನು ಕೊಟ್ಟೆವೆಂದು ಕೇಳಿಕೊಳ್ಳತಕ್ಕದ್ದು.

2021ರ ಅಕ್ಟೋಬರ್ 29ರಂದು ಬೆಂಗಳೂರಿನಲ್ಲಿ ನಟ ಪುನೀತ್ ರಾಜ್‌ಕುಮಾರ್ ಅವರು ತೀರಿಕೊಂಡಾಗ, ಅವರ ಮನೆಯವರು ದುಃಖದ ನಡುವೆಯೇ ಕಣ್ಣುಗಳನ್ನು ಕೊಟ್ಟರು. ನಾರಾಯಣ ನೇತ್ರಾಲಯದ ವೈದ್ಯರು ಎರಡು ಕಾರ್ನಿಯಾಗಳನ್ನೂ ಮುಂದಿನ ಪದರ, ಹಿಂದಿನ ಪದರ ಎಂದು ಬೇರ್ಪಡಿಸಿ ನಾಲ್ವರಿಗೆ ಕಸಿಮಾಡಿದರು. ಸತ್ತವರು ಎದ್ದು ಬಂದು ತಮ್ಮ ದಾನದ ಲೆಕ್ಕವನ್ನು ಕೇಳಲಾರರು. ಲೆಕ್ಕ ಕೇಳುವವರಿಲ್ಲದ ಒತ್ತೆಯೇ ಅತಿ ಭಾರವಾದದ್ದು.

ಆದಕಾರಣ ಪಡೆದವನು ಅದನ್ನು ತನ್ನ ಸೊತ್ತೆಂದು ಉದಾಸೀನ ಮಾಡದೆ, ಒತ್ತೆಯೆಂದು ಕಾಯಲಿ. ಎಲ್ಲವನ್ನು ಮಾಡಿಯೂ ದೃಷ್ಟಿಯನ್ನು ಕಳಕೊಂಡವನನ್ನು ಯಾರೂ ದೂಷಿಸದಿರಲಿ. ಉಳಿದವರಾದ ನಾವು, ಹೊತ್ತಿಗೆ ಸರಿಯಾಗಿ ಹನಿ ಹಾಕುವ ಕೈಯೂ ಆಸ್ಪತ್ರೆಯ ದಾರಿಗೆ ಜೊತೆಯೂ ಆಗೋಣ. ಇದಕ್ಕೆ ವೈದ್ಯವಿದ್ಯೆ ಬೇಡ. ನೆರೆಯವನ ಪಾಳಿ ಯಾವ ದಿನವೆಂಬದು ನೆನಪಿದ್ದರೆ ಸಾಕು.