ಹಣೆಯ ಹಿಂದಿನ ಬರಹ

ಬೆಂಗಳೂರಿನ ಸಾರಕ್ಕಿ ಕೆರೆಯ ಸುತ್ತ ಬೆಳಗಿನ ಹೊತ್ತು ನಡೆಯುವವರಲ್ಲಿ ಒಬ್ಬ ಹಿರಿಯರಿದ್ದಾರೆ. ಲಕ್ವ ಹೊಡೆದು ಎಡಗೈ, ಎಡಗಾಲು ಸ್ವಾಧೀನ ತಪ್ಪಿದ್ದವರು ಈಗ ಕೋಲನ್ನೂ ಬಿಟ್ಟು, ಹೆಂಡತಿಯ ತೋಳಿನ ಆಸರೆಯಲ್ಲಿ ಕಲ್ಲುಬೆಂಚಿನವರೆಗೆ ಬಂದು ಮರಳುತ್ತಾರೆ. ಮರಳುವಾಗ ಯಾವಾಗಲೂ ಬಲಕ್ಕೇ ತಿರುಗುತ್ತಾರೆ. ಒಂದು ದಿನ ಅದೇ ಬೆಂಚಿನಲ್ಲಿ ಕೂತು ಆಕೆ ಆ ಮೊದಲ ರಾತ್ರಿಯ ಕಥೆ ಹೇಳಿದರು. ತುರ್ತು ವಿಭಾಗದ ಕಿರಿಯ ವೈದ್ಯರು ಎಂ.ಆರ್.ಐ. ಚಿತ್ರ ತೋರಿಸಿ, "ಇಲ್ಲಿ ಬೆಳ್ಳಗೆ ಕಾಣ್ತಿದೆಯಲ್ಲಮ್ಮ, ಇಷ್ಟು ಭಾಗಕ್ಕೆ ರಕ್ತ ಹೋಗ್ತಿಲ್ಲ" ಎಂದರಂತೆ. ಆಕೆ ಕೇಳಿದ್ದು ಒಂದೇ ಮಾತು: "ಮೊದಲಿನ ಹಾಗೆ ಆಗ್ತಾರಾ, ಡಾಕ್ಟ್ರೇ?" ವೈದ್ಯರು ಮತ್ತೊಮ್ಮೆ ಚಿತ್ರದ ಕಡೆ ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ನೋಡೋಣ" ಎಂದರಂತೆ.

ಹಣೆಬರಹ ಎಂಬ ಮಾತು ನಮ್ಮಲ್ಲಿ ಎಷ್ಟು ಹಳೆಯದು! ಬರೆದವನಿಗಷ್ಟೇ ಗೊತ್ತು, ಓದಲು ಯಾರಿಗೂ ಬಾರದು ಎಂದು ನಂಬಿ ನಾವು ಅದರ ಎದುರು ಸೋಲನ್ನೂ ಸಮಾಧಾನವನ್ನೂ ಒಟ್ಟಿಗೆ ಕಂಡುಕೊಂಡವರು. ಈಗ ಹಣೆಯ ಹಿಂದೆಯೇ ಇಣುಕುವ ಯಂತ್ರ ಬಂದಿದೆ. ಆದರೆ ಅದರ ಮುಂದೆ ನಿಂತು ನಾವು ಕೇಳುವುದು ಜೋಯಿಸರ ಮುಂದೆ ಕೂತು ಕೇಳುತ್ತಿದ್ದುದನ್ನೇ. ಆ ಬಿಳಿಯ ಕಲೆಯನ್ನು ಓದುವ ವಿದ್ಯೆ ನಮಗೆ ಎಲ್ಲಿಂದ ಬಂತು, ಯಾರಿಂದ ಬಂತು ಎಂದು ಆ ಗಳಿಗೆಯಲ್ಲಿ ಯಾರು ತಾನೇ ಯೋಚಿಸುತ್ತಾರೆ?

ಬಂದದ್ದು ಬೆಕ್ಕುಗಳಿಂದ. 1990ರಲ್ಲಿ ಕ್ಯಾಲಿಫೋರ್ನಿಯಾದ ಮೈಕೆಲ್ ಮೋಸ್ಲಿ ಮತ್ತು ಜೊತೆಗಾರರು ಬೆಕ್ಕಿನ ಮಿದುಳಿಗೆ ಹೋಗುವ ರಕ್ತನಾಳವೊಂದನ್ನು ಮುಚ್ಚಿ, ಮುಂದೇನಾಗುತ್ತದೆಂದು ಹೊಸ ಬಗೆಯ ಎಂ.ಆರ್.ಐ. ಚಿತ್ರಣದಲ್ಲಿ ನೋಡಿದರು. ರಕ್ತ ನಿಂತೊಡನೆ ಜೀವಕೋಶಕ್ಕೆ ಶಕ್ತಿ ಸಾಲದೆ, ಉಪ್ಪಿನಂಶವನ್ನು ಹೊರದೂಡುವ ಅದರ ಕೆಲಸ ನಿಲ್ಲುತ್ತದೆ. ನೀರು ಒಳನುಗ್ಗುತ್ತದೆ, ಒಳಗೇ ಸಿಕ್ಕಿಬಿದ್ದು ಅಲುಗಾಟ ಕಳೆದುಕೊಳ್ಳುತ್ತದೆ. ಅಲುಗಾಡಲಾರದ ಆ ನೀರೇ ಚಿತ್ರದಲ್ಲಿ ಬೆಳ್ಳಗೆ ಹೊಳೆಯುವುದು. ಹಳೆಯ ಬಗೆಯ ಎಂ.ಆರ್.ಐ. ಎರಡು ಮೂರು ಗಂಟೆ ಕಳೆದ ಮೇಲಷ್ಟೇ ತೋರಿಸುತ್ತಿದ್ದುದನ್ನು ಇದು ಮುಕ್ಕಾಲು ಗಂಟೆಯಲ್ಲಿ ತೋರಿಸಿತು. ಅದಕ್ಕೂ ಮೊದಲು, 1977ರಲ್ಲಿ, ಬಬೂನ್ ಕೋತಿಗಳಲ್ಲಿ ನಡೆದ ಅಧ್ಯಯನವೊಂದು ಮತ್ತೊಂದು ಸತ್ಯವನ್ನು ಕಂಡಿತ್ತು. ರಕ್ತ ಕಡಿಮೆಯಾದ ಜಾಗವೆಲ್ಲ ಒಮ್ಮೆಲೇ ಸಾಯುವುದಿಲ್ಲ. ಸತ್ತ ಭಾಗದ ಅಂಚಿನಲ್ಲಿ, ಮಾತು ನಿಂತರೂ ಉಸಿರು ನಿಲ್ಲದವರ ಹಾಗೆ, ಕೆಲಸ ನಿಲ್ಲಿಸಿ ಜೀವ ಹಿಡಿದುಕೊಂಡ ಕೋಶಗಳಿರುತ್ತವೆ. ಗ್ರಹಣದಲ್ಲಿ ಕತ್ತಲ ಸುತ್ತ ಕಾಣುವ ಅರೆನೆರಳಿನ ಹೆಸರನ್ನೇ ವಿಜ್ಞಾನಿಗಳು ಅದಕ್ಕೆ ಇಟ್ಟರು. ಇಂದು ದೊಡ್ಡ ನಾಳ ಕಟ್ಟಿಕೊಂಡ ರೋಗಿಯಲ್ಲಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆಂದು ಲೆಕ್ಕ ಹಾಕಿದ್ದಾರೆ. ಹಾಗಿದ್ದೂ, ಅರೆನೆರಳು ಇನ್ನೂ ಉಳಿದಿದೆಯೆಂದು ಚಿತ್ರ ತೋರಿಸಿದ ಕೆಲವರಲ್ಲಿ 24 ಗಂಟೆಯವರೆಗೂ ಹೆಪ್ಪನ್ನು ಎಳೆದು ತೆಗೆದು ಫಲ ಕಾಣಬಹುದು ಎಂದು 2018ರಲ್ಲಿ ಸಿದ್ಧವಾಯಿತು. ಕೆರೆಯ ದಂಡೆಯಲ್ಲಿ ನಡೆಯುವ ಹಿರಿಯರ ಹೆಜ್ಜೆಯಲ್ಲಿ ಆ ಕೋತಿಯದೂ ಆ ಬೆಕ್ಕಿನದೂ ಪಾಲಿದೆ.

ಆದರೂ ಆ ವೈದ್ಯರ "ನೋಡೋಣ" ಎಂಬ ಮಾತು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಒಂದೇ ತಳಿಯ, ಒಂದೇ ವಯಸ್ಸಿನ, ಒಂದೇ ಕಾಳು ತಿಂದು ಬೆಳೆದ ಇಲಿಗಳ ಅದೇ ನಾಳವನ್ನು ಅಷ್ಟೇ ನಿಮಿಷ ಮುಚ್ಚಿ ತೆರೆದರೂ, ಒಂದು ಚೇತರಿಸಿಕೊಳ್ಳುತ್ತದೆ, ಇನ್ನೊಂದು ಮುದುಡಿಕೊಳ್ಳುತ್ತದೆ. ರಕ್ತ ಮತ್ತೆ ಹರಿದಾಗ ಬಿಳಿಯ ಕಲೆ ಮಾಯವಾಗಿ, ಎಲ್ಲ ಸರಿಹೋಯಿತೆನ್ನುವಷ್ಟರಲ್ಲಿ ಮತ್ತೆ ಕಾಣಿಸಿಕೊಂಡದ್ದನ್ನೂ ಇಲಿಗಳಲ್ಲಿ ಕಂಡಿದ್ದಾರೆ. ಅವರೆಕಾಳಿನಷ್ಟು ಪುಟ್ಟದಾದ, ಅರ್ಧ ಗ್ರಾಮೂ ತೂಗದ ಸುಂಡಿಲಿಯ ಮಿದುಳೇ ನಮ್ಮ ಭವಿಷ್ಯವಾಣಿಗೆ ಹೀಗೆ ಜಗ್ಗದಿದ್ದರೆ, ಎಪ್ಪತ್ತು ವರ್ಷ ಬಾಳಿ, ಸಾಲ ತೀರಿಸಿ, ಮಕ್ಕಳ ಮದುವೆ ಮಾಡಿದ ಮಿದುಳನ್ನು ಒಂದು ಚಿತ್ರದಲ್ಲಿ ಓದಿ ಮುಗಿಸಲಾದೀತೇ?

ಇಲ್ಲಿ ನನ್ನನ್ನು ಬಹಳ ಕಾಡುವ ಸಂಗತಿಯೊಂದಿದೆ. ಲಕ್ವಕ್ಕೆ ಮದ್ದೆಂದು ಪ್ರಯೋಗಾಲಯಗಳಲ್ಲಿ ಪರೀಕ್ಷಿಸಿದ್ದನ್ನೆಲ್ಲ 2006ರಲ್ಲಿ ಒಂದು ತಂಡ ಲೆಕ್ಕ ಹಾಕಿತು: 1,026 ಚಿಕಿತ್ಸೆಗಳು. ಅವುಗಳಲ್ಲಿ ಮನುಷ್ಯರವರೆಗೆ ಬಂದದ್ದು 114. ಪ್ರಾಣಿಗಳಲ್ಲಿ ಗೆದ್ದದ್ದು ಮನುಷ್ಯರಲ್ಲಿ ಮತ್ತೆ ಮತ್ತೆ ಸೋತಿತು. ಪ್ರಯೋಗಕ್ಕೆ ಆರಿಸಿದ್ದು ಬಹುಪಾಲು ಎಳೆಯ, ಆರೋಗ್ಯವಂತ ಗಂಡು ಇಲಿಗಳನ್ನು. ಲಕ್ವ ಬರುವ ನಮ್ಮವರು ರಕ್ತದೊತ್ತಡ, ಸಕ್ಕರೆ ಕಾಯಿಲೆ ಹೊತ್ತ ವಯಸ್ಸಾದವರು. ಅದಿರಲಿ, ಅದಕ್ಕಿಂತ ಆಳದ ಕಾರಣವೊಂದಿತ್ತು. ಮದ್ದು ಕೊಟ್ಟವರೇ ಎಷ್ಟೋ ಕಡೆ ಫಲವನ್ನೂ ಅಳೆದರು, ಯಾವ ಇಲಿಗೆ ಏನು ಕೊಟ್ಟಿದೆಯೆಂದು ಬಲ್ಲ ಕಣ್ಣು ತಾನು ಬಯಸಿದ್ದನ್ನೇ ಕಂಡಿತು. ಸೋತ ಪ್ರಯೋಗ ಪೆಟ್ಟಿಗೆಯೊಳಗೇ ಉಳಿಯಿತು, ಗೆದ್ದದ್ದು ಅಚ್ಚಾಯಿತು. ಇವರು ಯಾರೂ ಕ್ರೂರಿಗಳಲ್ಲ. ಗುಣಪಡಿಸಬೇಕೆಂಬ ಆಸೆಯಿಂದಲೇ ಕೆಲಸ ಮಾಡಿದವರು. ಆದರೂ ಅಜಾಗರೂಕವಾಗಿ ಕೇಳಿದ ಪ್ರಶ್ನೆಯೊಂದಕ್ಕೆ ಜೀವ ತೆತ್ತ ಪ್ರಾಣಿಯ ಸಾವು, ಜಾಗರೂಕವಾಗಿ ಕೇಳಿದ ಪ್ರಶ್ನೆಗೆ ತೆತ್ತ ಸಾವಿಗಿಂತ ಹೆಚ್ಚು ನೋವಿನದೆಂದು ನನಗನ್ನಿಸುತ್ತದೆ. ಕತ್ತಿಯ ಹಿಂಸೆಯಷ್ಟೇ ಹಿಂಸೆಯಲ್ಲ. ಸರಿಯಾಗಿ ನೋಡದೆ ಹೋಗುವುದೂ ಹಿಂಸೆಯೇ.

ಈ ಅರಿವಿನಿಂದ ಹುಟ್ಟಿದ ಕೆಲಸಗಳೂ ಇವೆ. ಅಮೆರಿಕದಲ್ಲಿ ಹಲವು ಪ್ರಯೋಗಾಲಯಗಳು ಸೇರಿ, 2,615 ಇಲಿ, ಸುಂಡಿಲಿಗಳಲ್ಲಿ ಆರು ಚಿಕಿತ್ಸೆಗಳನ್ನು ಪರೀಕ್ಷಿಸಿ 2023ರಲ್ಲಿ ಫಲ ಪ್ರಕಟಿಸಿದವು. ವಯಸ್ಸಾದವು, ಬೊಜ್ಜಿನವು, ರಕ್ತದೊತ್ತಡದವು, ಹೆಣ್ಣು, ಗಂಡು ಎಲ್ಲವೂ ಅದರಲ್ಲಿದ್ದವು. ಮಿದುಳಿನ ಚಿತ್ರವನ್ನು ಎರಡನೆಯ ದಿನ ಒಮ್ಮೆ, ಮೂವತ್ತನೆಯ ದಿನ ಇನ್ನೊಮ್ಮೆ ತೆಗೆದರು. ಕಿರಿದಾದ ಕೋನದಲ್ಲಿ ಜೋಡಿಸಿದ ಎರಡು ಹಲಗೆಗಳ ನಡುವೆ ಇಲಿಯನ್ನು ಬಿಟ್ಟು ನೋಡಿದರು: ಆರೋಗ್ಯವಂತ ಇಲಿ ಮೂಲೆ ಮುಟ್ಟಿ ಎಡಕ್ಕೂ ತಿರುಗುತ್ತದೆ, ಬಲಕ್ಕೂ ತಿರುಗುತ್ತದೆ, ಮಿದುಳಿಗೆ ಪೆಟ್ಟಾದದ್ದು ಒಂದೇ ಕಡೆಗೆ ಹೆಚ್ಚು ತಿರುಗುತ್ತದೆ. ಆ ತಿರುವಿನ ವೀಡಿಯೊ ನೋಡಿ ಎಣಿಸಿದವರಿಗೆ ಯಾವ ಇಲಿಗೆ ಯಾವ ಮದ್ದೆಂದು ತಿಳಿಸಿರಲಿಲ್ಲ. ಇದನ್ನು ಓದಿದ ದಿನದಿಂದ ಕಲ್ಲುಬೆಂಚಿನ ಬಳಿ ಬಲಕ್ಕೇ ತಿರುಗುವ ಆ ಹಿರಿಯರನ್ನು ಕಂಡಾಗಲೆಲ್ಲ ಹಲಗೆಗಳ ನಡುವಿನ ಪುಟ್ಟ ಜೀವವೂ ನೆನಪಾಗುತ್ತದೆ. ಇಬ್ಬರ ಕಷ್ಟ ಎಷ್ಟು ಹತ್ತಿರದ್ದು!

ಚಿತ್ರಣದಿಂದ ಆದ ಒಳಿತನ್ನೂ ಹೇಳಲೇಬೇಕು. ಮೊದಲೆಲ್ಲ ಮಿದುಳೊಳಗೆ ಏನಾಯಿತೆಂದು ತಿಳಿಯಲು ಒಂದನೆಯ ದಿನ ಕೆಲವನ್ನು, ಏಳನೆಯ ದಿನ ಕೆಲವನ್ನು ಕೊಂದು, ಮಿದುಳನ್ನು ಹೊರತೆಗೆದು ಕೊಯ್ದು ನೋಡಬೇಕಿತ್ತು. ಈಗ ಅದೇ ಪ್ರಾಣಿಯನ್ನು ಮತ್ತೆ ಮತ್ತೆ ನೋಡಬಹುದು, ಅದು ತನ್ನನ್ನು ತಾನೇ ಹೇಗೆ ಕಟ್ಟಿಕೊಳ್ಳುತ್ತದೆಂದು ಕಾಯಬಹುದು. ಕೊನೆಗೆ ಕೊಲ್ಲುವುದು ಪೂರ್ತಿ ತಪ್ಪಲಿಲ್ಲ, ಸಂಖ್ಯೆ ಇಳಿಯಿತು. ಕೊಂದು ತಿಳಿಯುವುದರಿಂದ ಕಾದು ತಿಳಿಯುವುದಕ್ಕೆ ಬಂದ ಈ ದಾರಿ ನನಗೆ ಬರಿಯ ತಂತ್ರದ ಮುನ್ನಡೆಯಾಗಿ ಕಾಣುವುದಿಲ್ಲ.

ಸಾರಕ್ಕಿಯಿಂದ ಬಹಳ ದೂರವೇನಿಲ್ಲದ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳುಗಳ ಸಂಗ್ರಹವೊಂದಿದೆ. ಅಲ್ಲಿನ ವಸ್ತುಸಂಗ್ರಹಾಲಯಕ್ಕೆ ಹೋದವರು ಮನುಷ್ಯನ ಮಿದುಳನ್ನು ಕೈಯಲ್ಲಿ ಹಿಡಿದು ನೋಡಬಹುದು. ಮನೆಯವರು ದುಃಖದ ನಡುವೆಯೂ ಒಪ್ಪಿ ಕೊಟ್ಟದ್ದಕ್ಕೇ ಅಂಥ ಸಂಗ್ರಹ ಬೆಳೆಯುವುದು. ದಾನವೆಂಬ ಮಾತು ಅಲ್ಲಿ ಸಲ್ಲುತ್ತದೆ. ಇಲಿಯ ವಿಷಯದಲ್ಲಿ ಆ ಮಾತನ್ನು ಹೇಗೆ ಬಳಸುವುದು? ಅದು ಕೊಡಲಿಲ್ಲ, ನಾವು ತೆಗೆದುಕೊಂಡೆವು. ಪ್ರಾಣಿಗಳ ಮೇಲಿನ ಪ್ರಯೋಗವನ್ನು ಕಾಳಜಿಯಿಂದ, ಮರುಕದಿಂದ, ಸಾಧ್ಯವಾದ ಮಟ್ಟಿಗೆ ಅರಿವಳಿಕೆ ಕೊಟ್ಟು ನಡೆಸಬೇಕೆಂದು ನಮ್ಮ 1960ರ ಕಾಯ್ದೆ ಹೇಳುತ್ತದೆ. ಕಾಯ್ದೆ ಅಷ್ಟು ಮಾಡಬಲ್ಲದು. ಜಪಾನಿನ ಪ್ರಯೋಗಾಲಯಗಳಲ್ಲಿ ಸತ್ತ ಪ್ರಾಣಿಗಳಿಗಾಗಿ ವರ್ಷಕ್ಕೊಮ್ಮೆ ಸ್ಮರಣೆಯ ವಿಧಿ ನಡೆಸುವ ರೂಢಿಯಿದೆ. ನಾವೋ, ಆಯುಧಪೂಜೆಯ ದಿನ ಯಂತ್ರಕ್ಕೆ ಕುಂಕುಮ ಹಚ್ಚಿ ಹೂವೇರಿಸುವವರು, ಗಣಪತಿಯ ಪಾದದ ಬಳಿ ಕೂತ ಇಲಿಗೂ ಒಂದು ಎಸಳು ಹೂವಿಡುವವರು. ಆ ಹೂವು ಪ್ರಯೋಗಾಲಯದ ಬಾಗಿಲವರೆಗೂ ಹೋಗಬಾರದೇಕೆ?

ಕಳೆದ ವಾರ ಆಕೆಯನ್ನು ಕೇಳಿದೆ, ಆ ಚಿತ್ರದ ಫಿಲ್ಮ್ ಇನ್ನೂ ಇದೆಯಾ ಎಂದು.

"ಇದೆ, ಬೀರುವಿನಲ್ಲಿ ಸೀರೆಗಳ ಕೆಳಗಿಟ್ಟಿದೀನಿ. ಅದು ಮೊದಲ ದಿನದ್ದು. ಆಮೇಲೆ ಇನ್ನೊಂದ್ಸಲ ತೆಗೆಸೋಣವಾ ಅಂತ ಮಗ ಕೇಳಿದ. ಬೇಡ ಅಂದೆ." ಗಂಡನ ಕಡೆ ನೋಡಿದರು, ಅವರು ಬೆಂಚಿನಿಂದ ಏಳಲು ಎಡಗೈಯನ್ನು ಊರುತ್ತಿದ್ದರು. "ಈಗ ಪಂಚೆ ಅವರೇ ಉಟ್ಕೋತಾರೆ."