ಕಾರಣ ಮತ್ತು ಅಪರಾಧ

ಮಕ್ಕಳ ನರರೋಗ ತಜ್ಞರಾಗಬಯಸುವವರು ಎಂ.ಬಿ.ಬಿ.ಎಸ್. ಮುಗಿಸಿ, ಮೂರು ವರ್ಷ ಶಿಶುವೈದ್ಯದ ಎಂ.ಡಿ. ಮಾಡಿ, ಆ ಬಳಿಕ ಮತ್ತೆ ಮೂರು ವರ್ಷ ಡಿ.ಎಂ. ಎಂಬ ಉನ್ನತ ತರಬೇತಿ ಪಡೆಯಬೇಕು. ಹೀಗೆ ಆಸ್ಪತ್ರೆಯಲ್ಲೇ ದುಡಿಯುತ್ತ ಕಲಿಯುವ ವೈದ್ಯರಿಗೆ ರೆಸಿಡೆಂಟ್ ಎಂದು ಹೆಸರು. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂದ ವೈದ್ಯಕೀಯ ಕಾಲೇಜಿನ ಚೆಲುವಾಂಬ ಆಸ್ಪತ್ರೆಯಂತಹ ಕಡೆ, ಮಕ್ಕಳ ವಾರ್ಡಿನಲ್ಲಿ ನಿಂತ ರೆಸಿಡೆಂಟ್ ಒಂದಲ್ಲ ಒಂದು ದಿನ ತಾಯಿಯೊಬ್ಬಳ ಬಾಯಿಂದ ಕೇಳಲೇಬೇಕಾದ ಮಾತೊಂದಿದೆ: ಯಾವ ಜನ್ಮದ ಪಾಪಕ್ಕೆ ಈ ಮಗುವಿಗೆ ಹೀಗಾಯಿತು?

ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಎಂ. ಹಿರಿಯಣ್ಣನವರು, 1932ರಲ್ಲಿ ಪ್ರಕಟವಾದ ತಮ್ಮ ಭಾರತೀಯ ತತ್ತ್ವಶಾಸ್ತ್ರದ ಗ್ರಂಥದಲ್ಲಿ, ಕರ್ಮಕ್ಕೆ ಎರಡು ಪರಿಣಾಮಗಳುಂಟೆಂದು ವಿವರಿಸುತ್ತಾರೆ: ಸುಖದುಃಖ ರೂಪದ ಫಲವೊಂದು, ಅದೇ ಬಗೆಯ ಕೆಲಸವನ್ನು ಮತ್ತೆ ಮಾಡಲು ಪ್ರೇರಿಸುವ ಸಂಸ್ಕಾರವೊಂದು, ಫಲ ತಪ್ಪದು, ಆದರೆ ಸಂಸ್ಕಾರ ಮನುಷ್ಯನ ಹಿಡಿತದಲ್ಲಿದೆ. ಚರಕಸಂಹಿತೆಯ ವಿಮಾನಸ್ಥಾನವೂ ಆಯುಸ್ಸು ದೈವ ಮತ್ತು ಪುರುಷಕಾರ, ಅಂದರೆ ಪೂರ್ವಕರ್ಮ ಮತ್ತು ಈಗಿನ ಪ್ರಯತ್ನ, ಎರಡನ್ನೂ ಅವಲಂಬಿಸಿದೆ ಎನ್ನುತ್ತದೆ. ಎಲ್ಲವೂ ಮೊದಲೇ ನಿಶ್ಚಿತವಾಗಿದ್ದರೆ ಔಷಧಕ್ಕೆ ಅರ್ಥವೇ ಇರುತ್ತಿರಲಿಲ್ಲ. ಅಂದ ಮೇಲೆ ಕರ್ಮತತ್ತ್ವವು ಒಬ್ಬನು ತನ್ನ ಬಾಳನ್ನು ತಿದ್ದಿಕೊಳ್ಳಲು ಇರುವ ವಿಚಾರವೇ ಹೊರತು, ಆರು ತಿಂಗಳ ಕೂಸಿನ ತಾಯಿಯ ಮೇಲೆ ನೆರೆಹೊರೆಯವರು ತೀರ್ಪು ಕೊಡಲು ಇರುವ ಸಾಧನವಲ್ಲ.

ವಿಜ್ಞಾನದ ಭಾಷೆಯೂ ಇಂಥ ತೀರ್ಪಾಗಿಬಿಡಬಲ್ಲದು ಎಂಬುದು ಇಲ್ಲಿ ಹೆಚ್ಚು ಯೋಚಿಸಬೇಕಾದ ಸಂಗತಿ. ಕೂಸು ನಿದ್ದೆಯಿಂದ ಎದ್ದೊಡನೆ ತಲೆಯನ್ನು ಮುಂದಕ್ಕೆ ಬಾಗಿಸಿ, ಕೈಗಳನ್ನು ಚಾಚಿ, ಕ್ಷಣಮಾತ್ರ ಸೆಟೆದು ಸಡಿಲವಾಗುತ್ತದೆ; ಇದು ಸಾಲುಸಾಲಾಗಿ ಮರುಕಳಿಸುತ್ತದೆ. ಮನೆಯವರು ಬೆಚ್ಚಿತೆಂದೋ ಹೊಟ್ಟೆನೋವೆಂದೋ ತಿಳಿಯುವ ಈ ಸೆಳವನ್ನು ವೆಸ್ಟ್ ಸಿಂಡ್ರೋಮ್ ಎನ್ನುತ್ತಾರೆ. 1841ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಜೇಮ್ಸ್ ವೆಸ್ಟ್ ತನ್ನ ಸ್ವಂತ ಮಗನಲ್ಲಿ ಅದನ್ನು ಕಂಡು, ಇತರ ವೈದ್ಯರ ನೆರವು ಕೋರಿ ಲ್ಯಾನ್ಸೆಟ್ ಪತ್ರಿಕೆಗೆ ಬರೆದನು. ಕಾರಣ ಹುಡುಕುವ ರೆಸಿಡೆಂಟ್ ಟೇಪು ಹಿಡಿದು ಮಗುವಿನ ತಲೆಯ ಸುತ್ತಳತೆ ತೆಗೆಯುತ್ತ ಎರಡು ಪ್ರಶ್ನೆಗಳನ್ನು ತಪ್ಪದೆ ಕೇಳಬೇಕು: ಹುಟ್ಟಿದ ಕೂಡಲೇ ಮಗು ಅತ್ತಿತೆ? ಸಂಬಂಧದಲ್ಲೇ ಮದುವೆಯಾದಿರಾ? ಸೋದರಮಾವನನ್ನು ಮದುವೆಯಾದ ಹೆಣ್ಣಿಗೆ ಎರಡನೆಯದು ರೋಗದ ವಿಚಾರಣೆಯಾಗಿ ಕೇಳಿಸುವುದಿಲ್ಲ, ತನ್ನ ಮೇಲಿನ ಆರೋಪವಾಗಿ ಕೇಳಿಸುತ್ತದೆ. ಆ ಮದುವೆಯನ್ನು ನಿಶ್ಚಯಿಸಿದವರು ಹಿರಿಯರಾದರೂ ಉತ್ತರ ಹೇಳಬೇಕಾದವಳು ಅವಳು. ಸಂಬಂಧದ ಮದುವೆಯಲ್ಲಿ ಆಗುವ ಸಂಭವ ಹೆಚ್ಚಿರುವಂತೆ, ತಂದೆತಾಯಿ ಇಬ್ಬರಲ್ಲೂ ಒಂದೇ ಜೀನಿನ ಒಂದೊಂದು ಪ್ರತಿ ಕೆಟ್ಟಿದ್ದರೆ, ಪ್ರತಿ ಬಸಿರಿನಲ್ಲೂ ಮಗು ರೋಗಕ್ಕೆ ಈಡಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಈ ಲೆಕ್ಕ ಮುಂದಿನ ಮಗುವಿನ ವಿಚಾರದಲ್ಲಿ ದಾರಿ ತೋರುತ್ತದೆಯಾದರೂ, ಆ ನಾಲ್ಕರಲ್ಲಿ ಒಂದು ಇದೇ ಮಗುವಿಗೆ ಏಕೆ ಬಂತೆಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಜಾಗ್ರತೆ ತಪ್ಪಿ ನುಡಿದರೆ ಹಿಂದಿನ ಜನ್ಮದ ಪಾಪ ಈ ಜನ್ಮದ ಮದುವೆಗೆ ವರ್ಗವಾಗುತ್ತದೆ, ಅಷ್ಟೆ.

ಕಾರಣವನ್ನು ಮುಚ್ಚಿಡದೆ, ಅದು ಯಾರ ಅಪರಾಧವೂ ಅಲ್ಲವೆಂದು ಅದೇ ಉಸಿರಿನಲ್ಲಿ ತಿಳಿಸುವುದು ಸೌಜನ್ಯವಷ್ಟೇ ಅಲ್ಲ, ಸತ್ಯಕ್ಕೆ ಸೇರಿದ ಮಾತು. ರೆಸಿಡೆಂಟರನ್ನು ತಿದ್ದುವ ಹಿರಿಯ ವೈದ್ಯರು, ಅವರು ಮಂಡಿಯ ಮೇಲೆ ಸುತ್ತಿಗೆ ತಟ್ಟುವ ಕ್ರಮವನ್ನು ಗಮನಿಸುವಷ್ಟೇ ಎಚ್ಚರದಿಂದ, ಮದುವೆಯ ಬಗ್ಗೆ ಆ ತಾಯಿಯನ್ನು ಕೇಳುವ ಕ್ರಮವನ್ನೂ ಗಮನಿಸಬೇಕು.